ಹೆಸರು ಹೇಳಿ ನಕ್ಕವಳು

ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಮಾವನವರು ನನ್ನನ್ನು ಪರೀಕ್ಷೆ ಮಾಡಿದರು. ರೊಟ್ಟಿ ತಟ್ಟಲು ಬರುತ್ತದೋ ಇಲ್ಲವೋ ಎಂದು ಕೇಳುತ್ತಾರೆಂದು ಹೆದರಿದ್ದೆ. ಅವರು ಕೇಳಿದ್ದೇ ಬೇರೆ.

"ಮಗಳ, ಮಿಸರ ದೇಶದಾಗ, ಅಂದ್ರ ಈಜಿಪ್ತದಾಗ, ಉಸುಕಿನ್ಯಾಗ ಒಂದು ಕಲ್ಲಿನ ಸಿಂಹ ಕುಂತೈತಿ. ಮಾರಿ ಮಾತ್ರ ಮನಷ್ಯಾಂದು. ಅದರ ಮೂಗು ಯಾರು ಒಡದಾರ, ಹೇಳು ನೋಡೂಣು?"

"ಗೊತ್ತಿಲ್ರಿ" ಅಂದೆ.

"ಯಾರಿಗೂ ಗೊತ್ತಿಲ್ಲ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಾನು ಪಾಸಾಗಿದ್ದೆ.

ಮಾವನವರದು ನೂಲಿನ ವ್ಯಾಪಾರ. ಬೆಟಗೇರಿಯ ನೇಕಾರರು ಬೆಳಗಾದರೆ ನಮ್ಮ ಕಟ್ಟೆಗೆ ಬರುತ್ತಿದ್ದರು. ನೂಲು ಒಯ್ಯಲು ಬಂದವರು ಒಂದು ಪ್ರಶ್ನೆಯನ್ನಾದರೂ ಕೇಳಿಸಿಕೊಳ್ಳದೆ ಹೋಗುವಂತಿರಲಿಲ್ಲ. ಹದಿನೆಂಟುನೂರ ಐವತ್ತೇಳರ ದಂಗೆಯ ನಂತರ ನೇಪಾಳದ ಕಾಡು ಹೊಕ್ಕ ಪೇಶ್ವೆ ಮನೆತನದವನು ಮುಂದೆ ಏನಾದ? ನಡುಗಡಲಲ್ಲಿ ತೇಲುತ್ತ ಸಿಕ್ಕ ಹಡಗಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲವಲ್ಲ, ಅವರೆಲ್ಲ ಎಲ್ಲಿ ಹೋದರು? ಪತ್ರಿಕೆಯಲ್ಲಿ ಇಂಥದ್ದು ಬಂದರೆ ಕತ್ತರಿಸಿ ಒಂದು ದಪ್ಪ ಬುಕ್ಕಿಗೆ ಅಂಟಿಸುವರು. ನಾವು ಅದಕ್ಕೆ ಖಬರಿನ ಬುಕ್ಕು ಎನ್ನುತ್ತಿದ್ದೆವು.

ಅತ್ತೆಯವರಿಗೆ ಇದೊಂದೂ ಹಿಡಿಸುತ್ತಿರಲಿಲ್ಲ. "ಆ ಸಿಂಹದ ಮೂಗು ಸಿಕ್ಕರ ತಂದು ಎಲ್ಲಿಡೂದೈತ್ರಿ? ಕೈ ತೊಳಕೋರಿ, ಅನ್ನ ಆರಾಕತ್ತೈತಿ" ಎಂದು ಒಳಗಿನಿಂದಲೇ ಕೂಗುವರು. ಮೂವತ್ತು ವರ್ಷ ಹೀಗೇ ನಡೆದಿತ್ತಂತೆ.

ಏಕೀಕರಣಕ್ಕೆ ಮುಂಚಿನ ವರ್ಷ ಮಾವನವರು ಕೆಲಸದ ಮೇಲೆ ನನ್ನ ತವರೂರಿಗೆ ಹೋಗಿದ್ದರು. ಲಕ್ಷ್ಮೇಶ್ವರ ಆ ಮೊದಲು ಮಿರಜ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಹೋದ ಮೇಲೆ ಅಲ್ಲಿಯ ಅಧಿಕಾರಿಗಳ ಮನೆತನಗಳು ಒಂದೊಂದಾಗಿ ಊರು ಬಿಡುತ್ತಿದ್ದವು. ಹಾಗೆ ಖಾಲಿಯಾಗುತ್ತಿದ್ದ ಒಂದು ವಾಡೆಯಿಂದ ಮಾವನವರು ಕಹಳೆ ಇದ್ದ ಗ್ರಾಮಫೋನು ಕೊಂಡು ತಂದರು. ಅದರ ಜೊತೆ ಒಂದೇ ಒಂದು ಪ್ಲೇಟು ಬಂತು. ನಡುವಿನ ಕಾಗದವನ್ನು ಗೆದ್ದಲು ತಿಂದಿತ್ತು. ಯಾರ ಹಾಡು, ಯಾವ ಹಾಡು, ಒಂದೂ ತಿಳಿಯುವಂತಿರಲಿಲ್ಲ. ಮಾವನವರಿಗೆ ಅದೇ ಸಂಭ್ರಮ.

ಪಡಸಾಲೆಯಲ್ಲಿ ಇಟ್ಟು, ಚಾವಿ ಕೊಟ್ಟು, ಸೂಜಿ ಇಳಿಸಿದರು. ಕರಕರ ಸದ್ದಿನ ಒಳಗಿಂದ ಒಬ್ಬ ಹೆಂಗಸು ಹಾಡತೊಡಗಿದಳು. ಕನ್ನಡದ ಹಾಡು. ಹೊಳೆಯ ದಂಡೆಯಲ್ಲಿ ನಿಂತವಳು ಅಂಬಿಗನನ್ನು ಕರೆದು, ಹೊತ್ತು ಮುಳುಗುವ ಮುಂಚೆ ತವರಿನ ದಂಡೆಗೆ ಮುಟ್ಟಿಸಪ್ಪಾ ಎಂದು ಕೇಳುತ್ತಾಳೆ. ದನಿ ಗಟ್ಟಿಯಾಗಿತ್ತು, ನಿಜವಾಗಿಯೂ ಆಚೆ ದಂಡೆಗೆ ಕೂಗುತ್ತಿದ್ದಾಳೇನೋ ಎನ್ನುವಷ್ಟು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಕದಲಲಿಲ್ಲ.

ಹಾಡು ಮುಗಿಯಿತು. ಮುಗಿದ ಮೇಲೆ ಆಕೆ ಗಡಬಡಿಸಿ ಇಂಗ್ಲಿಷಿನಲ್ಲಿ ಏನೋ ಅಂದಳು. "ಮೈ ನೇಮ್ ಈಜ್..." ಅಷ್ಟರಲ್ಲಿ ಸೂಜಿ ಖರ್ರೆಂದು ಹಾರಿತು. ಅಲ್ಲಿ ಯಾರೋ ಮೊಳೆಯಿಂದ ಗೀಚಿದಂಥ ಆಳದ ಗೀರು ಇತ್ತು. ಗೀರಿನ ಆಚೆ "...ಬಾಯಿ" ಎಂಬುದಷ್ಟು ಕೇಳಿತು. ಅದರ ಬೆನ್ನಿಗೇ ಒಂದು ನಗು. ಹುಡುಗಿಯರು ತಡೆಯಲಾಗದೆ ಕಿಸಕ್ಕನೆ ನಕ್ಕುಬಿಡುತ್ತಾರಲ್ಲ, ಹಾಗೆ.

"ಯಾವ ಬಾಯಿ?" ಎಂದು ಮಾವನವರು ಎದ್ದು ನಿಂತರು.

"ನನ್ನ ಹೆಸರೂ ಬಾಯಿ ಅಂತನ ಮುಗಿತೈತಿ. ಊರಾಗ ಅರ್ಧಾ ಹೆಣಮಕ್ಕಳು ಬಾಯಿಗೋಳು" ಎಂದರು ಅತ್ತೆ. ಆಮೇಲೆ ಸ್ವಲ್ಪ ತಡೆದು, "ಅದಿರ್ಲಿ, ಅಕಿ ಯಾಕ ನಕ್ಕಾಳ?" ಎಂದರು.

ಆ ಮನೆಯಲ್ಲಿ ಅತ್ತೆ ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮಾವನವರು ಬೆರಗಾಗಿ ಹೆಂಡತಿಯ ಮುಖ ನೋಡಿದರು.

ಮರುದಿನ ಗದಗಿನಲ್ಲಿ ಗ್ರಾಮಫೋನು ದುರಸ್ತಿ ಮಾಡುವವನ ಅಂಗಡಿಗೆ ಹೋದರು. ಅವನು ಹೇಳಿದ ಮಾತು ಅವತ್ತೇ ಖಬರಿನ ಬುಕ್ಕಿಗೆ ಹತ್ತಿತು. ಹಳೆಯ ಕಾಲದಲ್ಲಿ ಹಾಡನ್ನು ಇಲ್ಲಿ ಮೇಣದ ಮೇಲೆ ಹಿಡಿದು, ಪ್ಲೇಟು ಒತ್ತಲು ಹಡಗಿನಲ್ಲಿ ಜರ್ಮನಿಗೆ ಕಳಿಸುತ್ತಿದ್ದರಂತೆ. ಅಲ್ಲಿಯವರಿಗೆ ನಮ್ಮ ಭಾಷೆ ಬಾರದು, ಯಾರು ಹಾಡಿದ್ದೆಂದು ತಿಳಿಯದು. ಅದಕ್ಕೇ ಹಾಡು ಮುಗಿಸಿದ ಕೂಡಲೇ ಹಾಡಿದವರೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಬೇಕಿತ್ತು. ಕಾಗದ ಹೋದರೂ ನಡುವಿನ ಕರಿಯ ಭಾಗದಲ್ಲಿ ಸಣ್ಣ ಅಂಕಿ ಕೊರೆದಿರುತ್ತಾರೆ, ಆ ನಂಬರು ಸಿಕ್ಕರೆ ಕಂಪನಿಗೆ ಬರೆದು ಕೇಳಬಹುದು ಎಂದೂ ಅವನು ಹೇಳಿದ. ಮಾವನವರು ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು ಹುಡುಕಿದರು. ಎರಡು ಅಂಕಿ ಸಿಕ್ಕವು. ಉಳಿದವು ಆ ಗೀರಿನ ಕೆಳಗೇ ಇದ್ದವು.

"ಇದು ಯಾರೋ ಬೇಕಂತನ ಅಳಿಸ್ಯಾರ" ಎಂದು ಮಾವನವರು ಪಿಸುಗುಟ್ಟಿದರು.

"ಮನ್ಯಾಗಿನ ಕೂಸು ಮೊಳಿ ಹಿಡಕೊಂಡು ಆಡಿರಬೇಕ್ರಿ" ಅಂದರು ಅತ್ತೆ.

ಅಂಗಡಿಯವನೇ ಇನ್ನೊಂದು ದಾರಿ ತೋರಿಸಿದ್ದ. ಶಿರಹಟ್ಟಿಯಲ್ಲಿ ಒಬ್ಬ ಮುದುಕರು ಇದ್ದಾರೆ, ನಾಟಕ ಕಂಪನಿಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ಊರೂರು ತಿರುಗಿದವರು, ಹಳೆಯ ಹಾಡುಗಾರ್ತಿಯರ ಗಂಟಲೆಲ್ಲ ಅವರಿಗೆ ಗೊತ್ತು ಎಂದಿದ್ದ. ಮಾವನವರು ಒಬ್ಬರೇ ಹೊರಟಾಗ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ನಿಮಗ ಹೆಸರು ಬೇಕು. ನನಗ ನಗಿ ಬೇಕು. ನೀವು ಹೆಸರು ಕೇಳಿಕೊಂಡು ತಿರುಗಿ ಬಂದುಬಿಡತೀರಿ." ಗ್ರಾಮಫೋನಿನ ಕಹಳೆ ಹಿಡಿದುಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಕರೆದರು. ನನ್ನ ಯಜಮಾನರ ಪಾಲಿಗೆ ಅಂಗಡಿ ಮತ್ತು ಮುಂಜಾನೆಯ ಉಪ್ಪಿಟ್ಟು ಉಳಿದವು.

ಪೇಟಿ ಮಾಸ್ತರರು ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿತ್ತು. ಕೊನೆಗೆ ತಲೆ ಅಲ್ಲಾಡಿಸಿದರು. "ಇದು ನಾಟಕದ ಗಂಟಲ ಅಲ್ರಿ. ನಾಟಕದವ್ರು ಹಿಂದಿನ ಸಾಲಿನವ್ರಿಗೆ ಹಾಡ್ತಾರ. ಈಕಿ ಹೊಳಿ ಆಚಿಗೆ ಹಾಡಾಕತ್ತಾಳ. ಹಾಡೂ ಹೊಳಿದಂಡಿದ. ಕೊರ್ಲಹಳ್ಳಿ ಕಡೆ ಹೆಣಮಕ್ಕಳು ಹಿಂಗ ಎಳೀತಾರ. ಅಲ್ಲೆ ಕೇಳ್ರಿ."

"ಮತ್ತ ಅಕಿ ನಕ್ಕದ್ದ್ಯಾಕ್ರಿ?" ಎಂದು ಅತ್ತೆ ಬಿಡದೆ ಕೇಳಿದರು.

"ಪೇಟಿ ಬಾರಿಸಿದಾಂವ ತಪ್ಪು ಮಣಿ ಒತ್ಯಾನ. ಅದಕ್ಕ" ಎಂದು ಮಾಸ್ತರರು ಖಂಡಿತವಾಗಿ ಹೇಳಿದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ಬರುವಾಗ, "ಪ್ರತಿಯೊಬ್ಬರಿಗೂ ತಮ್ಮ ತಮ್ಮ ಪೇಟಿದ ಚಿಂತಿ" ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ಸಂಕ್ರಾಂತಿ ಕಳೆದ ಮೇಲೆ ಮುಂಡರಗಿಯ ಬಸ್ಸು ಹತ್ತಿದೆವು. ಡಂಬಳದ ಕೆರೆ ದಾಟುವವರೆಗೂ ಮಾವನವರು ಪಕ್ಕದ ಪ್ರಯಾಣಿಕನಿಗೆ ಸಿಂಧೂ ಬಯಲಿನ ಲಿಪಿಯ ಬಗ್ಗೆ ಹೇಳುತ್ತಿದ್ದರು. ಆ ಮನುಷ್ಯ ಡಂಬಳದಲ್ಲೇ ಇಳಿದುಹೋದ, ಅವನ ಚೀಟಿ ಮುಂಡರಗಿಯವರೆಗೆ ಇತ್ತು. ಮುಂಡರಗಿಯಿಂದ ಚಕ್ಕಡಿಯಲ್ಲಿ, ಗ್ರಾಮಫೋನನ್ನು ಮೆತ್ತನೆಯ ಕೌದಿಯಲ್ಲಿ ಸುತ್ತಿ, ಕೊರ್ಲಹಳ್ಳಿಗೆ ಹೋದೆವು.

ತುಂಗಭದ್ರೆಯ ಎದುರಿಗೆ ಒಂದು ಕಟ್ಟೆ. ಅದರ ಮೇಲೆ ಪ್ಲೇಟು ಹಚ್ಚಿದ ಕೂಡಲೇ ಅರ್ಧ ಊರು ನೆರೆಯಿತು. ಗುಂಪಿನ ಹಿಂದೆ ಸೊಪ್ಪಿನ ಹೊರೆ ಇಳಿಸಿ ನಿಂತಿದ್ದ ಒಬ್ಬ ಮುದುಕಿ, ಎರಡನೆಯ ಸಾಲಿಗೆ ತಾನೂ ದನಿಗೂಡಿಸಿದಳು. ಜನ ದಾರಿ ಬಿಟ್ಟರು. ಆಕೆ ಹಾಡುತ್ತಲೇ ಮುಂದೆ ಬಂದು ಕಹಳೆಯ ಮುಂದೆ ಕುಳಿತಳು. ಪ್ಲೇಟಿನ ಹಾಡು ಮುಗಿಯಿತು, "ಮೈ ನೇಮ್" ಬಂತು, ಗೀರು ಬಂತು, ನಗು ಬಂತು. ಮುದುಕಿ ಮಾತ್ರ ನಿಲ್ಲಿಸಲಿಲ್ಲ. ಹಾಡಿನ ಮುಂದಿನ ನುಡಿಗಳನ್ನು ಹಾಡುತ್ತ ಹೋದಳು.

ಆ ನುಡಿಗಳು ನಮ್ಮ ಪ್ಲೇಟಿನಲ್ಲಿ ಇರಲೇ ಇಲ್ಲ. ಹುಟ್ಟು ಹಾಕುತ್ತ ಅಂಬಿಗ ಕೇಳುತ್ತಾನೆ: ನಿನ್ನ ಹೆಸರೇನು? ನನ್ನ ಹೆಸರು ನಮ್ಮವ್ವನ ಬಾಯಾಗ ಐತಿ, ಅನ್ನುತ್ತಾಳೆ. ಸುಳಿ ದಾಟಿದ ಮೇಲೆ ಮತ್ತೆ ಕೇಳುತ್ತಾನೆ. ಹೊಳಿ ಕೇಳಿದ್ರ ಹೇಳೇನು, ನಿನಗ್ಯಾಕ ಹೇಳಲಿ, ಅನ್ನುತ್ತಾಳೆ. ಅವನು ಆಸೆ ತೋರಿಸುತ್ತಾನೆ, ಹೆದರಿಸುತ್ತಾನೆ. ಆಚೆ ದಂಡೆಗೆ ಜಿಗಿದು ಓಡುವವರೆಗೂ ಆಕೆ ಹೆಸರು ಹೇಳುವುದಿಲ್ಲ.

ಮಾವನವರು ಕೈ ಮುಗಿದು ಕುಳಿತಿದ್ದರು. "ಆಯಿ, ಈ ಪ್ಲೇಟಿನ್ಯಾಗ ಹಾಡಿದಾಕಿ ನೀನ ಏನು?"

ಮುದುಕಿಗೆ ನಗು ತಡೆಯಲಾಗಲಿಲ್ಲ. "ನಾನ್ಯಾಕಪ್ಪಾ! ನಾನು ಗದಗ ಸೈತ ನೋಡಿಲ್ಲ. ಈ ಹಾಡು ನಮ್ಮ ಹೊಳಿಸಾಲಾಗ ಬೀಸಾಕ ಕುಂತ ಹೆಣಮಕ್ಕಳಿಗೆಲ್ಲಾ ಬರತೈತಿ. ಈಕಿ ಯಾರೋ ಏನೋ."

"ಹಂಗಾರ ಹಾಡ ಮುಗಿಸಿ ಯಾಕ ನಕ್ಕಾಳಬೇ?" ಎಂದು ಅತ್ತೆ ಆಕೆಯ ಪಕ್ಕಕ್ಕೇ ಸರಿದು ಕುಳಿತರು. ನಡುವೆ ಬಂದ ಇಂಗ್ಲಿಷು ಮಾತಿನ ಅರ್ಥವನ್ನೂ, ಹಾಡಿದವರು ಹೆಸರು ಹೇಳಬೇಕಿದ್ದ ಕಟ್ಟಳೆಯನ್ನೂ ಬಿಡಿಸಿ ಹೇಳಿದರು.

ಮುದುಕಿ ಕೇಳಿಸಿಕೊಂಡಳು. ಆಮೇಲೆ ಎರಡೂ ಕೈ ನೆಲಕ್ಕೆ ಬಡಿದು ನಕ್ಕಳು. "ಅಯ್ಯ ನಮ್ಮವ್ವಾ! ಹಾಡಿನ ತುಂಬ ಹೆಸರು ಹೇಳಾಂಗಿಲ್ಲ ಹೇಳಾಂಗಿಲ್ಲ ಅಂತ ಬರತೈತಿ. ಹಾಡು ಮುಗಿಯೂದರಾಗ ಸಾಹೇಬ ಮುಂದ ನಿಂತು, ಹೆಸರು ಹೇಳು ಅಂದ್ರ, ನಗಿ ಬರ್ದ ಇರತೈತೇನು?"

ಅತ್ತೆ ಬಾಯಿಗೆ ಸೆರಗು ಹಿಡಿದರು. ನಂತರ ಸೆರಗು ಬಿಟ್ಟು ನಕ್ಕರು. ಅವರು ಹಾಗೆ ಮೈಮರೆತು ನಕ್ಕದ್ದನ್ನು ನಾನು ನೋಡಿರಲಿಲ್ಲ. ಪ್ಲೇಟಿನಲ್ಲಿ ಜಾಗವಿದ್ದದ್ದು ಮೂರು ನಿಮಿಷಕ್ಕೆ ಮಾತ್ರ, ಹೆಸರು ಕೇಳುವ ನುಡಿಗಳು ಹೊರಗೇ ಉಳಿದಿದ್ದವು. ಮುದುಕಿ ಹೇಳಿದ್ದೇ ನಿಜವೆಂದು ಸಾಬೀತು ಮಾಡಲು ನಮ್ಮಲ್ಲಿ ಏನೂ ಇರಲಿಲ್ಲ. ಆದರೆ ಅತ್ತೆ ಅದನ್ನು ಒಪ್ಪಿಕೊಂಡರು, ಅವರು ಒಪ್ಪಿಕೊಂಡ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತಿರುತ್ತಿರಲಿಲ್ಲ.

ಮಾವನವರು ಕಂಪನಿಗೆ ಮೂರು ಪತ್ರ ಬರೆದರು. ಪೂರ್ತಿ ನಂಬರು ಕಳಿಸಿರಿ ಎಂದು ಒಂದಕ್ಕೆ ಉತ್ತರ ಬಂತು. ಅದನ್ನೂ ಬುಕ್ಕಿಗೆ ಅಂಟಿಸಿದರು. ಆಕೆಯ ಹೆಸರು ನಮಗೆ ಕೊನೆಗೂ ಸಿಗಲಿಲ್ಲ, ನನಗಂತೂ ಇಂದಿಗೂ ಗೊತ್ತಿಲ್ಲ. ಬಾಯಿ ಎಂದು ಮುಗಿಯುವ ಹೆಸರು ಕೇಳಿದಾಗಲೆಲ್ಲ ಒಂದು ಗಳಿಗೆ ಕಿವಿ ನಿಮಿರುತ್ತದೆ, ಅಷ್ಟೆ.

ನವೆಂಬರಿನಲ್ಲಿ ಏಕೀಕರಣವಾಯಿತು. ಆ ತಿಂಗಳೇ ಅತ್ತೆ ಮತ್ತೆ ಕೊರ್ಲಹಳ್ಳಿಗೆ ಹೊರಟರು, ಹಾಡಿನ ಎರಡು ನುಡಿ ಮರೆತಿವೆ ಎಂಬ ನೆಪ. ಹಿಂದಿನ ಸಲ ಹೋದಾಗ ಈಚೆ ದಂಡೆ ಮುಂಬಯಿ ರಾಜ್ಯ, ಆಚೆ ದಂಡೆ ಮೈಸೂರು ರಾಜ್ಯ. ಈಗ ಎರಡೂ ಒಂದೇ. ಆಚೆಯ ಊರಿನವರು ಹರಿಗೋಲಿನಲ್ಲಿ ಬಂದು ಬೆಲ್ಲ ಕೊಬ್ಬರಿ ಹಂಚುತ್ತಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡ ಅತ್ತೆ, ಹರಿಗೋಲಿನಲ್ಲಿ ಒಮ್ಮೆ ಕೂರಬೇಕೆಂದರು. ಮಾವನವರು ನೀರಿಗೆ ಹೆದರುವವರು, ದಂಡೆಯಲ್ಲೇ ನಿಂತು ಬೇಡ ಬೇಡ ಎಂದು ಕೈ ಬೀಸಿದರು. ಅತ್ತೆ, ಮುದುಕಿ, ನಾನು ಮೂವರೂ ಹತ್ತಿದೆವು.

ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ಗರಗರ ತಿರುಗಿತು. ನಾನು ಕಿರುಚಿದೆ. ಅವರಿಬ್ಬರೂ ಒಬ್ಬರ ಭುಜವನ್ನೊಬ್ಬರು ಹಿಡಿದು ಹಾಡುತ್ತಲೇ ಇದ್ದರು. ಆಚೆ ದಂಡೆಗೆ ಕಾಲಿಟ್ಟು, ಅಲ್ಲಿಯವರು ಕೊಟ್ಟ ಮಂಡಕ್ಕಿ ತಿಂದು, ತಿರುಗಿ ಬಂದೆವು. ಅತ್ತೆ ತೊಯ್ದ ನಿರಿಗೆ ಹಿಂಡುತ್ತ, "ಇನ್ನೊಮ್ಮಿ ಹೋಗಿ ಬರೂಣೇನ?" ಎಂದು ನನ್ನನ್ನು ಕೇಳಿದರು. ಇನ್ನೂ ಎರಡು ಸಲ ಹೋಗಿ ಬಂದೆವು. ಆ ದಿನ ಮುಂಡರಗಿಯ ಕೊನೆಯ ಬಸ್ಸು ನಮಗೆ ಸಿಗಲಿಲ್ಲ.