ಎದುರು ಮನೆಯವಳ ಎರಡನೇ ದುಬೈ ಪ್ರಯಾಣ

ದಹಿಸರ್‌ನಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ಹೆಂಗಸು ಮಗಳೊಂದಿಗೆ ಬಾಡಿಗೆಗಿದ್ದಳು. ಬೆಳಗಾವಿ ಕಡೆಯವಳು. ಗಂಡ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು ಅವಳ ಕೆಲಸ. ನಾನು ಧಾರವಾಡದವಳೆಂದು ಗೊತ್ತಾದ ದಿನದಿಂದ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದಳು. ನನಗೆ ಡೆಂಗ್ಯೂ ಬಂದಾಗ ಹತ್ತು ದಿನ ಎರಡು ಹೊತ್ತೂ ಗಂಜಿ ಮಾಡಿ ತಂದವಳು ಅವಳೇ.

ಅವಳ ಗಿರಾಕಿಗಳಲ್ಲಿ ಕಾರಿನಲ್ಲಿ ಬರುತ್ತಿದ್ದ ಒಬ್ಬಾಕೆ ಇದ್ದಳು. ಆಕೆ ಒಮ್ಮೆ ಒಂದು ಡಜನ್ ಲಂಗಗಳನ್ನು ಹೊಲಿಸಿಕೊಂಡಳು. ನಾನು ಹೋದಾಗ ಅವು ಮೆಶಿನ್ನಿನ ಪಕ್ಕದಲ್ಲಿ ಬಿದ್ದಿದ್ದವು. ಸೊಂಟದ ಪಟ್ಟಿಗೆ ಎರಡು ಪದರ ಬಟ್ಟೆ, ಒಳಗೆ ಸಾಲಾಗಿ ಪುಟ್ಟ ಕಿಸೆಗಳು. ಇವು ಯಾಕೆ ಎಂದು ಕೇಳಿದೆ. ಪ್ರವಾಸ ಹೋಗುವವರು ಪಾಸ್‌ಪೋರ್ಟ್ ಇಟ್ಟುಕೊಳ್ಳಲಿಕ್ಕೆ ಎಂದಳು. ಆ ಕಿಸೆಗಳಲ್ಲಿ ಎರಡು ಬೆರಳು ಹೋಗುತ್ತಿದ್ದವೇ ಹೊರತು ಪಾಸ್‌ಪೋರ್ಟ್ ಹಿಡಿಸುತ್ತಿರಲಿಲ್ಲ. ನನಗೆ ಅದು ಕಂಡಿತ್ತು. ನಾನು ಬೇರೆ ಮಾತು ತೆಗೆದೆ.

ತಿಂಗಳಾದ ಮೇಲೆ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡಿ ಎಂದು ಬಂದಳು. ಆ ಗಿರಾಕಿ ನಾಲ್ಕು ದಿನ ದುಬೈಗೆ ಕಳಿಸುತ್ತಾಳಂತೆ, ಟಿಕೆಟ್, ಊಟ, ಹೋಟೆಲು ಎಲ್ಲ ಆಕೆಯದೇ. ಬರುವಾಗ ಅಲ್ಲಿಯವರು ಕೊಟ್ಟ ಬಟ್ಟೆ ತೊಟ್ಟು ಬಂದರಾಯಿತು. ಬೆಳಗಾವಿಗೆ ಹೋಗುವ ರೈಲು ಬಿಟ್ಟರೆ ಬೇರೆ ದಾರಿ ಕಾಣದವಳು. ವಿಮಾನದ ಮಾತಾಡುವಾಗ ಅವಳ ಮುಖ ಬೆಳಗುತ್ತಿತ್ತು.

“ಹೋಗ್ಲೇನ್ರಿ, ಅಕ್ಕಾರ?” ಎಂದು ಕೇಳಿದಳು.

“ಹೋಗಿ ಬಾರವ್ವಾ. ಯಾವಾಗ ನೋಡಾಕಿ ಮತ್ತ?” ಎಂದೆ. ನನಗೊಂದು ಡಬ್ಬಿ ಕೇಸರಿ ತರಲು ಹೇಳಿದೆ. ತುರ್ತು ಸಂಪರ್ಕಕ್ಕೆಂದು ಅರ್ಜಿಯಲ್ಲಿ ನನ್ನದೇ ನಂಬರು ಬರೆದೆ.

ಮೊದಲ ಸಲ ಸುಖವಾಗಿ ಬಂದಳು. ಕೇಸರಿಯನ್ನೂ ತಂದಳು. ಎರಡನೇ ಸಲ ಹೋದಾಗ ನನ್ನನ್ನು ಕೇಳಲಿಲ್ಲ, ಹೇಳಿ ಹೋದಳು ಅಷ್ಟೆ. ಅವಳು ಮರಳಬೇಕಿದ್ದ ದಿನ ಮಧ್ಯಾಹ್ನ ಬಾಂದ್ರಾದ ನಮ್ಮ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಬಂತು. ಏರ್‌ಪೋರ್ಟಿನಿಂದ ಕಸ್ಟಮ್ಸ್ ಅಧಿಕಾರಿ. ಲಂಗದ ಪಟ್ಟಿಯಲ್ಲಿ ಮೇಣದಂತೆ ಮಾಡಿದ ಚಿನ್ನ ಸಿಕ್ಕಿದೆ, ಈ ಹೆಂಗಸು ನಿಮ್ಮ ನಂಬರು ಕೊಟ್ಟಿದ್ದಾಳೆ, ಇವಳಿಗೆ ಹಿಂದಿ ಸರಿಯಾಗಿ ಬರುವುದಿಲ್ಲ, ನಿಮಗೆ ಇವಳು ಏನಾಗಬೇಕು ಎಂದು ಕೇಳಿದರು. ಅವರ ಹಿಂದೆ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾರ ಅದಾರೇನ್ರಿ?”

ಎದುರಿಗೆ ಆಫೀಸಿನವರು ಕೂತಿದ್ದರು. ನಾನು ಹಿಂದಿಯಲ್ಲಿ, ನನಗೆ ಅವಳ ಪರಿಚಯವಿಲ್ಲ, ಸೀರೆಗೆ ಫಾಲ್ ಹಚ್ಚಲು ಕೊಡುತ್ತಿದ್ದೆ ಅಷ್ಟೇ ಎಂದೆ. ಫೋನ್ ಇಟ್ಟ ಮೇಲೆ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದೆ.

ಸಂಜೆ ಹತ್ತನೇ ಇಯತ್ತೆಯ ಅವಳ ಮಗಳು ನಮ್ಮ ಬಾಗಿಲಿಗೆ ಬಂದಳು. “ಆಂಟಿ, ಮಮ್ಮಿಕಾ ಫೋನ್ ನಹೀ ಲಗ್ ರಹಾ,” ಎಂದಳು. ಅಮ್ಮನ ಫೋನು ಹತ್ತುತ್ತಿಲ್ಲವಂತೆ. ಊಟ ಹಾಕಿದೆ. ಗೊತ್ತಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಮರುದಿನ ಕಸ್ಟಮ್ಸ್‌ನವರಿಂದ ಸುದ್ದಿ ತಿಳಿದು ಬೆಳಗಾವಿಯಿಂದ ಸೋದರಮಾವ ಬಂದು ಹುಡುಗಿಯನ್ನು ಕರೆದುಕೊಂಡು ಹೋದ. ಕೋರ್ಟಿಗೆ ಬಂದು ಜಾಮೀನಿಗೆ ಸಹಿ ಮಾಡುವಿರಾ ಎಂದು ಹೊರಡುವ ಮುನ್ನ ಆತ ಕೇಳಿದಾಗ ನನ್ನ ಗಂಡ ನಮಗೆ ಇವೆಲ್ಲ ಬೇಡ ಎಂದರು. ನಾನು ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊಂಡೆ.

ಅವಳು ಬಿಡುಗಡೆಯಾಗಲು ಎರಡು ತಿಂಗಳು ಹಿಡಿಯಿತು. ಕಾರಿನ ಗಿರಾಕಿ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಆಫೀಸಿಗೆ ಹೋಗಿದ್ದಾಗ ಎದುರು ಮನೆ ಖಾಲಿಯಾಯಿತು.

ಅವಳು ವಿಕ್ರೋಳಿಯಲ್ಲಿದ್ದಾಳೆಂದು ಹೋದ ವರ್ಷ ತಿಳಿಯಿತು. ಕಾರ್ಖಾನೆಗಳಿಗೆ ಯೂನಿಫಾರ್ಮ್ ಹೊಲಿಯುವ ಕಡೆ ಕೆಲಸ. ಒಂದು ರವಿವಾರ ವಿಳಾಸ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವಳು ಒಳಗೆ ಕರೆದು ಚಾ ಮಾಡಿಕೊಟ್ಟಳು. ಸೊರಗಿದ್ದಳು. ಅವತ್ತು ಫೋನಿನಲ್ಲಿ ನಾನು ಹೇಳಿದ್ದು ತಪ್ಪು ಎಂದೆ.

“ಅದು ಬಿಡ್ರಿ, ಹೆದರಿದ್ರಿ,” ಎಂದಳು. ಚಾದ ಕಪ್ಪು ಎತ್ತಿಡುತ್ತ ತಾನಾಗಿಯೇ ಹೇಳಿದಳು: “ಗೊತ್ತಿಲ್ದ ಹೋದಾಕಿ ಅಲ್ಲರಿ ನಾ. ಏನೋ ಕಳ್ಳ ಮಾಲು ಅಂತ ಗೊತ್ತಿತ್ತು. ಆದ್ರ ನೀವು ಹೋಗಿ ಬಾ ಅಂದ್ರಿ. ಓದಿದವರು ಅಂದ್ರಲ್ಲ, ಏನೂ ಆಗೂದಿಲ್ಲ ಅನಿಸ್ತು.”

ಮಗಳು ಒಳಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಮುಂದಿನ ತಾರೀಖಿಗೆ ಕೋರ್ಟಿಗೆ ನಾನೂ ಬರುತ್ತೇನೆ ಎಂದೆ. ಬೇಡ, ಮಗಳೇ ಈಗ ವಕೀಲರ ಹತ್ತಿರ ಮಾತಾಡುತ್ತಾಳೆ ಎಂದಳು. ಆಟೋದವರೆಗೆ ಬಂದು, ಸ್ಟೇಶನ್ನಿಗೆ ಬಿಡು ಎಂದು ಚಾಲಕನಿಗೆ ತಾನೇ ಹೇಳಿದಳು. ಕೇಸು ಇನ್ನೂ ನಡೆಯುತ್ತಿದೆ. ಎರಡು ಸಲ ಫೋನ್ ಮಾಡಿದ್ದೇನೆ, ಎರಡೂ ಸಲ ಎತ್ತಿ ಮರ್ಯಾದೆಯಿಂದಲೇ ಮಾತಾಡಿದ್ದಾಳೆ. ತಾನಾಗಿ ಎಂದೂ ಮಾಡಿಲ್ಲ.