ಕೆಂಪು ಅಂಗಿ ತೊಟ್ಟ ಅಪ್ಪಯ್ಯ

ಬೆಳಿಗ್ಗೆ ಅರಬೈಲು ಘಾಟಿನಲ್ಲಿ ಇಳಿಯುವಾಗ ಮುಂದಿನ ಲಾರಿಯ ಬ್ರೇಕು ಸುಟ್ಟ ವಾಸನೆ ಬಂದದ್ದೇ ತಡ, ನಾನು ಗಾಡಿಯ ವೇಗ ತಗ್ಗಿಸಿ ಹಿಂದುಳಿದೆ.

ನಾನು ಚಿಕ್ಕವಳಿದ್ದಾಗ ಕಾರುಗಳು ಬೆನ್ನಟ್ಟುವ ಸಿನಿಮಾದ ಶೂಟಿಂಗ್ ಇಲ್ಲೇ ನಡೆದಿತ್ತು. ಹೀರೋನ ಬದಲು ಕಾರು ಓಡಿಸಬೇಕಿದ್ದ ಸಾಹಸದವನ ಕೈ ಉಳುಕಿದ್ದರಿಂದ ಯಲ್ಲಾಪುರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಅಪ್ಪಯ್ಯನಿಗೆ ಹೀರೋನ ಕೆಂಪು ಅಂಗಿ ತೊಡಿಸಿದರು. ಅಪ್ಪಯ್ಯ ಕನ್ನಡಿ ನೋಡಿ ನೋಡಿ ತಲೆ ಬಾಚಿಕೊಂಡ. ಎರಡು ಸಲ ಟೈರು ಕಿರುಚಿಸುತ್ತ ಇಳಿದ. ನಿರ್ದೇಶಕರಿಗೆ ಸಾಲಲಿಲ್ಲ. ಮೂರನೇ ಸಲ ಇಳಿಯಲು ಮತ್ತೆ ಮೇಲಿನ ಸಮತಟ್ಟಿಗೆ ಬಂದಾಗ ಚಕ್ರದಿಂದ ಹೊಗೆ ಏಳುತ್ತಿತ್ತು. ಅಲ್ಲೇ ನಿಂತು ನೋಡುತ್ತಿದ್ದ ಆಯಿ, ನನ್ನ ಅಮ್ಮ, ನನ್ನ ಕೈ ಬಿಟ್ಟು ನೇರ ಹೋಗಿ ಕಾರಿನೆದುರು ನಿಂತಳು.

"ಸಾಕು. ಇನ್ನು ಹೋಪದು ಬ್ಯಾಡ."

"ಅಮ್ಮಾ, ಬಿಸಿಲು ಹೋಗ್ತಿದೆ, ಪಕ್ಕಕ್ಕೆ ಸರೀರಿ!" ನಿರ್ದೇಶಕರು ಕೂಗಿದರು.

"ದಿನಾ ಓಡಾಡೋ ರಸ್ತೆ, ಎಂತದೂ ಆಗ್ತಿಲ್ಲೆ ಮಾರಾಯ್ತಿ, ಬೇಕಾದ್ರೆ ನೋಡು," ಎಂದು ಅಪ್ಪಯ್ಯ ನಗುತ್ತ ಬ್ರೇಕು ತುಳಿದ. ಪೆಡಲು ಮೆತ್ತಗೆ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ನಗು ನಿಂತಿತು. ಇಳಿದು ಅಂಗಿ ಬಿಚ್ಚಿಕೊಟ್ಟ.

ಮುಂದೆ ಆ ಸಿನಿಮಾಕ್ಕೆ ಜನ ಹುಚ್ಚಾದರು. ಟಾಕೀಸಿನಲ್ಲಿ ಅಪ್ಪಯ್ಯ ಕಾರು ಇಳಿಸಿದ ಘಾಟಿಯ ತಿರುವು ಬಂದಾಗ ಎಲ್ಲರೂ ಸಿಳ್ಳೆ ಹೊಡೆದರು. ಆಯಿ ಮಾತ್ರ ದೃಶ್ಯ ಮುಗಿಯುವವರೆಗೂ ಅಪ್ಪಯ್ಯನ ಮಣಿಕಟ್ಟು ಬಿಡಲಿಲ್ಲ.

ಇವತ್ತು ಘಾಟಿ ಇಳಿದ ಮೇಲೆ ಗಾಡಿ ನಿಲ್ಲಿಸಿ ಆಯಿಗೆ ಫೋನು ಮಾಡಿದೆ. ಲಾರಿಯ ಬ್ರೇಕಿನ ಸುದ್ದಿ ಎತ್ತದೆ, "ತಿಂಡಿ ಆತಾ?" ಎಂದು ಕೇಳಿದೆ.