ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಾರ್ಡು

ಕ್ರೆಡಿಟ್ ಕಾರ್ಡನ್ನು ನಾನು ಈವರೆಗೆ ಕೈಯಲ್ಲಿ ಹಿಡಿದಿಲ್ಲ. ಆದರೂ ಪಾಯಿಂಟು ಕೂಡಿಸಿ ಒಂದು ಸಲ ಪ್ರವಾಸ ಹೋಗಿಬಂದಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನೀವಿಬ್ಬರೂ ನಗುತ್ತೀರಿ, ನಾನು ಅರ್ಧಕ್ಕೇ ನಿಲ್ಲಿಸಿ ಅಡುಗೆಮನೆಗೆ ಎದ್ದುಹೋಗುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬುಕ್ಕಸಾಗರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ.

ಆಗ ನಾವು ಹೊಸಪೇಟೆಯಲ್ಲಿದ್ದೆವು. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಇಳಿಯುತ್ತಿದ್ದ ಕಾಲ. ಬೆಳಿಗ್ಗೆ ಹಿತ್ತಲಲ್ಲಿ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕಾವಿ ಬಣ್ಣಕ್ಕೆ ತಿರುಗುತ್ತಿತ್ತು. ನಿಮ್ಮ ತಾತ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬಂದು ಒಂದು ಲಾರಿ ತೆಗೆದುಕೊಂಡಿದ್ದರು. ಗುಡ್ಡದಲ್ಲಿ ಅದಿರು ಹೇರಿ ಊರ ಹೊರಗಿನ ಗೂಡ್ಸ್ ಯಾರ್ಡಿನಲ್ಲಿ ಸುರಿಯುವುದು ಅದರ ಕೆಲಸ. ಅಲ್ಲಿಂದ ಮುಂದೆ ಅದು ಕಾರವಾರದ ಕಡೆಯ ಬಂದರಿಗೆ ಹೋಗಿ, ಹಡಗು ಹತ್ತಿ, ಚೀನಾ ದೇಶ ಸೇರುತ್ತಿತ್ತಂತೆ. ಎರಡನೆಯ ವರ್ಷದಲ್ಲಿ ನಿಮ್ಮ ತಾತ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ಲಾರಿ ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರು. ಅವರ ಕಾಲದಿಂದಲೂ ಇದ್ದ ಡ್ರೈವರು, ಕುರೆಕುಪ್ಪದವನು, ‘ನಾ ಅದೀನ್ರಿ ಅಕ್ಕಾರ’ ಎಂದ. ಆ ಒಂದು ಮಾತಿನ ಮೇಲೆ ಲಾರಿ ಉಳಿಯಿತು.

ಮನೆಯಲ್ಲಿ ನಾನು, ಒಂಬತ್ತನೆಯ ತರಗತಿಯಲ್ಲಿದ್ದ ನಿಮ್ಮ ಅಮ್ಮ, ಮತ್ತು ನನ್ನ ಅತ್ತೆ ಇದ್ದೆವು. ಅತ್ತೆ ಕಂಪ್ಲಿ, ಹೊಸಪೇಟೆ, ಹಂಪಿ ಈ ಮೂರು ಊರು ಬಿಟ್ಟು ಬೇರೆ ಕಂಡವರಲ್ಲ. ಮಗ ಹೋದ ಮೇಲೆ ಅವರಿಗೆ ಒಂದೇ ವಿಚಾರ ಹಿಡಿಯಿತು.

‘ಅಲ್ಲಾ, ನನ್ನ ಮಗ ದಿನಾ ಹೇರಿದ್ನಲ್ಲ, ಆ ಮಣ್ಣೆಲ್ಲ ಹಡಗಿನಾಗ ಹೋಗತೈತಿ ಅಂತಿದ್ದ. ಅದೆಷ್ಟು ದೊಡ್ಡದಿದ್ದೀತು ಆ ಹಡಗು? ಒಂದ್ಸಲ ತೋರಿಸ್ತೀನಿ ಯವ್ವಾ ಅಂದಿದ್ದ.’

ಇದನ್ನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಅಷ್ಟರಲ್ಲಿ ಅವರ ಕಣ್ಣು ಕೈಕೊಡಲು ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವರು. ಎದುರಿನ ತಟ್ಟೆ ಕಂಡರೆ ಪಕ್ಕದ ನೀರಿನ ಲೋಟ ಕಾಣದು. ಕಣ್ಣಿನ ಡಾಕ್ಟರು ನೋಡಿ, ನರ ಒಣಗುತ್ತಿದೆ, ಸುತ್ತಲಿನದು ಹೋಗಿಬಿಟ್ಟಿದೆ, ನಡುವಿನದು ಮಾತ್ರ ಉಳಿದಿದೆ ಎಂದರು. ಬಳೆಯೊಳಗಿಂದ ನೋಡಿದ ಹಾಗೆ ಅಂತ ನನಗೆ ತಿಳಿಸಿ ಹೇಳಿದರು. ‘ಸಂಕ್ರಾಂತಿವರೆಗೆ ಇಷ್ಟಾದರೂ ಇದ್ದೀತು. ಏನಾದರೂ ತೋರಿಸುವುದಿದ್ದರೆ ಅಷ್ಟರೊಳಗೆ ತೋರಿಸಿಬಿಡಿ.’

ನಾನು ಬಸ್ಸಿಗೆ ಹೊರಡೋಣವೆಂದೆ. ಅತ್ತೆ ಒಪ್ಪಲಿಲ್ಲ. ಮೊಮ್ಮಗಳ ಓದಿನ ದುಡ್ಡನ್ನು ತಿರುಗಾಟಕ್ಕೆ ಮುಟ್ಟಬಾರದು ಎಂಬುದು ಅವರ ಹಟ. ಆಗ ನೆನಪಾದದ್ದೇ ಈ ಕಾರ್ಡು.

ಸಂಡೂರು ರಸ್ತೆಯ ಬಂಕಿನಲ್ಲಿ ಡೀಸೆಲ್ ಹಾಕಿಸುವ ಲಾರಿಗಳಿಗೆ, ನಿಮ್ಮ ತಾತ ಹೋಗುವ ಸ್ವಲ್ಪ ಮೊದಲು, ಒಂದು ಕಾರ್ಡು ಕೊಟ್ಟಿದ್ದರು. ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಡೀಸೆಲ್ಲಿಗೆ ನೋಟೇ ಕೊಡಬೇಕು. ಕೊಟ್ಟ ಮೇಲೆ ಕಾರ್ಡನ್ನು ಯಂತ್ರಕ್ಕೆ ತುರುಕಿದರೆ ಲೀಟರಿನ ಲೆಕ್ಕದಲ್ಲಿ ಪಾಯಿಂಟು ಸೇರುತ್ತಿತ್ತು. ಎಷ್ಟು ಪಾಯಿಂಟಿಗೆ ಏನು ಸಿಗುತ್ತದೆಂದು ಒಂದು ಬಣ್ಣದ ಪುಸ್ತಕವಿತ್ತು. ಟಾರ್ಚು, ಕುಕ್ಕರು, ಸೂಟ್‌ಕೇಸು ಎಲ್ಲ ದಾಟಿ ಕೊನೆಯ ಪುಟದಲ್ಲಿ ಒಂದು ಪ್ರವಾಸವಿತ್ತು. ನಿಮ್ಮ ಅಮ್ಮ ಓದಿದಳು: ‘ಇಬ್ಬರಿಗೆ ಕಾರವಾರ, ಹೋಗಿಬರೋ ಬಸ್ಸು, ಒಂದಿನ ಲಾಡ್ಜು.’ ಅದರ ಕೆಳಗಿನ ಇರುವೆಯಂಥ ಅಕ್ಷರಗಳನ್ನೂ ಓದಲು ಹೇಳಿದೆ. ಶನಿವಾರ ಭಾನುವಾರ ನಡೆಯುವುದಿಲ್ಲ, ಹಬ್ಬದಲ್ಲಿ ನಡೆಯುವುದಿಲ್ಲ, ಚೀಟಿ ಬಂದ ಎರಡು ತಿಂಗಳೊಳಗೆ ಹೋಗಬೇಕು. ನೀವೂ ಏನನ್ನಾದರೂ ಕೂಡಿಸುವಾಗ ಮೊದಲು ಆ ಇರುವೆ ಅಕ್ಷರಗಳನ್ನೇ ಓದಿರಿ.

ಅತ್ತೆಗೆ ಹೇಳಿದೆ. ‘ಅಂದ್ರ ನನ್ನ ಮಗನ ಲಾರೀನ ಕರಕೊಂಡು ಹೋಗತೈತಿ ಅನ್ನು. ಹಂಗಾದ್ರ ಬರ್ತೀನಿ.’

ಡ್ರೈವರು ಕಾರ್ಡು ತುರುಕಿ ನೋಡಿಕೊಂಡು ಬಂದ. ಇನ್ನು ಎರಡು ಸಲ ಡೀಸೆಲ್ ಹಾಕಿಸಿದರೆ ಸಾಕು, ಕಾರವಾರ ಬಂತು ಎಂದ. ಅಷ್ಟರಲ್ಲಿ ಮಹಾನವಮಿ ಬಂತು.

ಆಯುಧಪೂಜೆಯೆಂದರೆ ನಮ್ಮಲ್ಲಿ ದುಡಿಯುವುದೆಲ್ಲಕ್ಕೂ ಪೂಜೆ. ಹಿಂದಿನ ದಿನವೇ ಡ್ರೈವರು ಲಾರಿ ತೊಳೆದು, ಜಾಕು, ಸ್ಪ್ಯಾನರು, ಹಾರೆಗಳನ್ನು ತಂದು ಕಟ್ಟೆಯ ಮೇಲಿಟ್ಟ. ‘ಆ ಕಾರ್ಡೂ ಇಡೋ, ಅದೂ ದುಡಿತೈತಿ’ ಎಂದರು ಅತ್ತೆ. ಅವನು ಜೇಬಿನಿಂದ ತೆಗೆದು ಸ್ಪ್ಯಾನರಿನ ಪಕ್ಕದಲ್ಲಿಟ್ಟು ಹೋದ. ನಾನು ಕಾರ್ಡನ್ನು ಹತ್ತಿರದಿಂದ ನೋಡಿದ್ದು ಆವತ್ತೇ. ಒಂದು ಬದಿಯಲ್ಲಿ ಉಗುರಿನಷ್ಟಗಲದ ಬಂಗಾರದ ಚೌಕವಿತ್ತು. ಕೆಂಪು ಧೂಳು, ಗ್ರೀಸು ಮೆತ್ತಿ ಮಂಕಾಗಿತ್ತು. ನನ್ನ ಮುಂದೆ ಹಿತ್ತಾಳೆ ದೀಪ, ತಂಬಿಗೆಗಳ ರಾಶಿ. ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಬೂದಿ. ದೇವರ ಮುಂದೆ ಮಂಕಾದದ್ದನ್ನು ಇಡುವುದು ಹೇಗೆ? ಚೌಕಕ್ಕೂ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿದೆ. ನೀರಲ್ಲಿ ಅದ್ದಿ ತೊಳೆದು ಬಿಸಿಲಿಗಿಟ್ಟೆ. ಫಳಫಳ ಹೊಳೆಯಿತು. ಮರುದಿನ ಅತ್ತೆ ತಡವರಿಸಿಕೊಂಡು ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದರು, ನಿಮ್ಮ ಅಮ್ಮ ಕುಂಕುಮ ಇಟ್ಟು ಚೆಂಡುಹೂ ಏರಿಸಿದಳು.

ಹಬ್ಬ ಕಳೆದು ಡೀಸೆಲ್ಲಿಗೆ ಹೋದ ಡ್ರೈವರು ಸಪ್ಪೆ ಮುಖ ಮಾಡಿಕೊಂಡು ಬಂದ. ‘ಮಶೀನು ಕಾರ್ಡ್ ತಗೋವಲ್ದರಿ ಅಕ್ಕಾರ. ಖಾಲಿ ಐತಿ ಅಂತೈತಿ.’

‘ಅವ್ವಾ, ಆ ಚೌಕ ತಿಕ್ಕಿದಿಯೇನು?’ ನಿಮ್ಮ ಅಮ್ಮ ಕೇಳಿದಳು. ನಾನು ಹೂಂ ಎಂದೆ. ಅವಳು ಹಣೆಗೆ ಕೈಹಚ್ಚಿಕೊಂಡಳು.

ಮಾಲೀಕರೇ ಬರಬೇಕು ಎಂದು ಬಂಕಿನ ಮ್ಯಾನೇಜರು ಹೇಳಿ ಕಳಿಸಿದ್ದರು. ಅಂಗಡಿಗೆ ಹೋದರೂ ಬೆರಳು ತೋರಿಸಿ ಸಾಮಾನು ತರುವವಳು ನಾನು. ಬೇರೆ ದಾರಿ ಇರಲಿಲ್ಲ. ಸೆರಗು ತಲೆಗೆ ಎಳೆದುಕೊಂಡು ಮೊದಲ ಸಲ ನಮ್ಮದೇ ಲಾರಿಯ ಮುಂದಿನ ಸೀಟಿಗೆ ಹತ್ತಿದೆ. ಬಂಕಿನಲ್ಲಿ ಹತ್ತಾರು ಲಾರಿ, ಅಷ್ಟೂ ಗಂಡಸರು. ಮ್ಯಾನೇಜರು ವಯಸ್ಸಾದವರು, ಕುರ್ಚಿ ಎಳೆದು ‘ಕುಂದ್ರಿ ತಾಯಿ’ ಎಂದರು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಏನು ಬಿತ್ರಿ ಇದರ ಮ್ಯಾಲೆ?’

‘ಹುಣಸೆಹಣ್ಣು,’ ಎಂದೆ. ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ಹೊರಗೆ ನಿಂತಿದ್ದವನೊಬ್ಬನಿಗೆ ಅದು ಸರಿಯಾಗಿ ಕೇಳಿಸಿತು. ‘ಲೇ, ನಿಮ್ಮ ಅಕ್ಕಾವ್ರು ಕಾರ್ಡಿಂದ ಸಾರು ಮಾಡ್ಯಾರಂತಲೇ! ಒಗ್ಗರಣಿ ಹಾಕಿದ್ರೋ ಇಲ್ಲೋ ಕೇಳು!’ ಎಂದು ನಮ್ಮ ಡ್ರೈವರಿಗೆ ಕೂಗಿದ. ಬಂಕೆಲ್ಲ ನಕ್ಕಿತು. ಡ್ರೈವರು ‘ನಿನ್ನ ಟೈರಿಗೆ ಒಗ್ಗರಣಿ ಹಾಕ್ತೀನಿ ಬಾ’ ಎಂದು ಅವನನ್ನು ಆಚೆ ತಳ್ಳಿದ.

ಮ್ಯಾನೇಜರು ನಗಲಿಲ್ಲ. ‘ಪಾಯಿಂಟು ಎಲ್ಲಾ ಆ ಬಂಗಾರದ ಚೌಕದಾಗ ಇದ್ವು ತಾಯಿ. ಕಂಪನಿಗೆ ಅರ್ಜಿ ಕಳಸ್ತೀನಿ. ಹೊಸಾ ಕಾರ್ಡ್ ಬರಾಕ ಮೂರೋ ನಾಕೋ ತಿಂಗಳು. ಹಳೇ ಪಾಯಿಂಟು ಕೊಟ್ರೆ ಕೊಟ್ರು, ನಾ ಮಾತು ಕೊಡಲಾರೆ.’

ಮೂರು ತಿಂಗಳೆಂದರೆ ಸಂಕ್ರಾಂತಿ. ಅರ್ಜಿಗೆ ಸಹಿ ಹಾಕಿದೆ. ಕಾರವಾರದ ಆಸೆ ಹುಟ್ಟಿಸಿದವಳೂ ನಾನೇ, ತಿಕ್ಕಿ ಅಳಿಸಿದವಳೂ ನಾನೇ. ಮನೆಗೆ ಹೋಗಿ ಅತ್ತೆಗೆ ಏನು ಹೇಳಲಿ?

ವಾಪಸು ಬರುವಾಗ ಡ್ರೈವರು ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಎಂಜಿನ್ ಆರಿಸಿದ. ಕನ್ನಡಿಯ ಮೇಲಿನ ದೇವರ ಫೋಟೋದ ಹಿಂದೆ ಕೈ ಹಾಕಿ ಇನ್ನೊಂದು ಕಾರ್ಡು ತೆಗೆದ. ಅದೇ ಬಂಕಿನದು. ಚೌಕದ ಮೇಲೆ ಅದೇ ಕೆಂಪು ಧೂಳು.

‘ಇದು ನಂದ್ರಿ. ಅಣ್ಣಾವ್ರು ಇದ್ದಾಗ ಹಿಂಗ ಮಾಡಿದ್ದಿಲ್ಲ. ಅವರು ಹೋದ ಮ್ಯಾಲೆ ಒಂದ್ಸಲದ ಡೀಸೆಲ್ಲು ನಿಮ್ಮ ಕಾರ್ಡಿಗೆ, ಒಂದ್ಸಲದ್ದು ನನ್ನ ಕಾರ್ಡಿಗೆ ಹಾಕ್ಕೊಂತ ಬಂದೆ. ಮದುವಿ ಆಗಿ ನಾಕು ವರ್ಷಾತು, ಹೆಂಡ್ತೀನ ಎಲ್ಲೂ ಕರಕೊಂಡು ಹೋಗಿಲ್ಲ. ಅದಕ್ಕ…’ ಅವನು ಸ್ಟೇರಿಂಗ್ ನೋಡುತ್ತಲೇ ಮಾತಾಡಿದ. ‘ಇನ್ನ ನಾಕು ಸಲ ಡೀಸೆಲ್ ಹಾಕಿಸಿದ್ರ ಇದರಾಗ ಕಾರವಾರ ಪೂರ್ತಿ ಆಗತೈತ್ರಿ. ತಗೋರಿ.’

ನನಗೆ ಸಿಟ್ಟು ಬಂತು. ಡೀಸೆಲ್ ನಮ್ಮದು. ಆಮೇಲೆ ಅವನ ಕೈ ನೋಡಿದೆ, ಅದಿರಿನ ಬಣ್ಣ ಗೆರೆಗೆರೆಯಲ್ಲಿ ಇಳಿದಿತ್ತು. ಓಡಿಸಿದ್ದು ಅವನು. ಎರಡೂ ನಿಜ. ‘ಮನಿಗೆ ನಡಿ,’ ಎಂದೆ.

ಅತ್ತೆ ಕಟ್ಟೆಯ ಮೇಲೆ ಕಾಯುತ್ತಿದ್ದರು. ಅವನೇ ಎದುರು ನಿಂತು ಇದ್ದದ್ದನ್ನೆಲ್ಲ ಹೇಳಿದ. ಅತ್ತೆ ಕತ್ತು ತಿರುಗಿಸಿ ಅವನ ಮುಖವನ್ನು ತಮ್ಮ ಕಣ್ಣಿನ ಬಳೆಯೊಳಗೆ ತಂದುಕೊಂಡರು.

‘ಕೇಳಿ ಇಟಗೊಂಡಿದ್ರ ಏನಾಗ್ತಿತ್ತಲೇ ನಿನಗ? ಬಾಯಿ ಬಿದ್ದಿತ್ತೇನು?’

‘ತಪ್ಪಾತು ಯವ್ವಾ.’

‘ತಪ್ಪಂತೂ ಆತು. ಆದ್ರ ನಿನ್ನ ಹತ್ರ ಇದ್ದಿದ್ದಕ್ಕ ಉಳೀತು. ಈಕಿ ಕೈಗೆ ಸಿಕ್ಕಿದ್ರ ಅದನ್ನೂ ತಿಕ್ಕತಿದ್ಲು.’

ನಿಮ್ಮ ಅಮ್ಮ ಒಳಗಿನಿಂದ ಕಿಸಕ್ಕನೆ ನಕ್ಕಳು. ನನಗೂ ನಗು ಬಂದು ಕಣ್ಣಲ್ಲಿ ನೀರು ಬಂತು. ಆದರೂ ಕಾರ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ‘ಬ್ಯಾಡಪ್ಪ, ನಿನ್ನ ಹೆಂಡ್ತಿ ಆಸಿ ಇಟಗೊಂಡಿರತಾಳ,’ ಎಂದೆ.

‘ಆಕಿ ಕಣ್ಣು ಚಲೋ ಅದಾವ್ರಿ ಅಕ್ಕಾರ,’ ಎಂದ ಅವನು. ‘ಮುಂದಿನ ವರ್ಷ ನೋಡ್ತಾಳ.’

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಫಾಲ್ಗುಣ ಮಾಸದಲ್ಲಿ ನಮ್ಮ ಹೊಸ ಕಾರ್ಡು ಹಳೆಯ ಪಾಯಿಂಟಿನ ಸಮೇತ ಬಂತು. ಅದನ್ನು ಹಾಗೇ ಅವನ ಕೈಗೆ ಕೊಟ್ಟೆ. ಅವನ ಹೆಂಡತಿ ಕೊನೆಯ ಪುಟ ತಿರುಗಿಸಿಯೂ ನೋಡದೆ ಕುಕ್ಕರು, ಸೂಟ್‌ಕೇಸು ಎರಡನ್ನೂ ಆರಿಸಿಕೊಂಡಳು. ಅದು ಅವಳಿಷ್ಟ.

ಅವನ ಕಾರ್ಡಿನ ಪಾಯಿಂಟಿಗೆ ಚೀಟಿ ಬಂದದ್ದು ಅದಕ್ಕೂ ಮೊದಲು, ಹಬ್ಬ ಕಳೆದ ಕಾರ್ತಿಕದಲ್ಲೇ. ಅದನ್ನು ಹಿಡಿದು ಬಸ್ ಸ್ಟ್ಯಾಂಡಿನ ಹತ್ತಿರದ ಟ್ರಾವೆಲ್ಸಿಗೆ ಹೋದೆವು. ಅಲ್ಲಿದ್ದವನು ಚೀಟಿಯನ್ನು ಬೆಳಕಿಗೆ ಹಿಡಿದು, ‘ಲಾಡ್ಜಿಗೆ ಕ್ರೆಡಿಟ್ ಕಾರ್ಡ್ ಐತೇನ್ರಿ?’ ಎಂದ. ನಾನು ರೇಷನ್ ಕಾರ್ಡು ಕೊಟ್ಟೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, ಇದೇ ಸಾಕು ಎಂದ.

ನಿಮ್ಮ ಅಮ್ಮನನ್ನು ನೆಂಟರ ಮನೆಯಲ್ಲಿ ಬಿಟ್ಟು, ಅತ್ತೆಯೂ ನಾನೂ ಮಂಗಳವಾರ ಹೊರಟು ಹುಬ್ಬಳ್ಳಿಯ ಮೇಲೆ ಘಟ್ಟ ಇಳಿದು ಸಂಜೆಗೆ ಸೇರಿದೆವು. ಬೆಳಿಗ್ಗೆ ಎದ್ದು ಸಮುದ್ರದ ದಂಡೆಗೆ ಕರೆದುಕೊಂಡು ಹೋದೆ. ‘ನಮ್ಮ ಡ್ಯಾಮಿಗೆ ಒಂದ್ ಕಡೆನಾದ್ರೂ ಗ್ವಾಡಿ ಐತಿ, ಇದಕ್ಕ ಅದೂ ಇಲ್ಲ’ ಎಂದರು ಅತ್ತೆ. ದೂರದ ನೀರಿನಲ್ಲಿ ನಿಂತಿದ್ದ ಹಡಗು ನನಗೇ ಬೆರಳಿನಷ್ಟು ಕಾಣುತ್ತಿತ್ತು. ಅವರ ಗದ್ದ ಹಿಡಿದು ತಿರುಗಿಸಿ ಎಷ್ಟು ತೋರಿಸಿದರೂ ಸಿಗಲಿಲ್ಲ. ‘ಎಲ್ಲೈತಿ? ಎಲ್ಲೈತಿ?’ ಎಂದು ಕೇಳಿ ಕೇಳಿ, ‘ಇರ್ಲಿ ಬಿಡು, ನೋಡಿದಂಗ ಆತು,’ ಎಂದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅವರ ಕೈ ಹಿಡಿದು ಬಂದರಿನ ಗೇಟಿಗೆ ನಡೆದೆ. ಬೇಲಿಯಾಚೆ ಕೆಂಪು ಅದಿರಿನ ಗುಡ್ಡೆಗಳು, ಸಂಡೂರಿನ ಮಣ್ಣಿನದೇ ಬಣ್ಣ. ಗೇಟಿನಲ್ಲಿ ಕಾವಲುಗಾರನಿದ್ದ. ಯಾರೂ ನನ್ನ ಪರವಾಗಿ ಮಾತಾಡುವವರಿರಲಿಲ್ಲ.

‘ಅಣ್ಣಾ, ನಾವು ಹೊಸಪೇಟಿಯವರು. ಈ ಮಣ್ಣು ನಮ್ಮ ಕಡೇದು. ಇವರ ಮಗ ಹೇರ್ತಿದ್ರು, ಈಗಿಲ್ಲ. ಇವರಿಗೆ ಕಣ್ಣು ಹೋಗಾಕ ಹತ್ಯಾವ. ಹಡಗು ನೋಡಬೇಕಂತ.’

ಇಷ್ಟು ಮಾತು ನಾನು ಗೊತ್ತಿಲ್ಲದ ಗಂಡಸಿನ ಜೊತೆ ಅದುವರೆಗೆ ಆಡಿರಲಿಲ್ಲ. ಅವನು ಆಚೀಚೆ ನೋಡಿ, ‘ಒಳಗೆ ಬಿಡುವ ಹಾಗಿಲ್ಲ. ಬೇಲಿಯ ಆ ಮೂಲೆಗೆ ಬನ್ನಿ. ಐದು ನಿಮಿಷ ಅಷ್ಟೇ,’ ಎಂದ.

ಮೂಲೆ ತಿರುಗಿದರೆ ಸರಕು ಹೇರುವ ದಕ್ಕೆಗೆ ಹಡಗೊಂದು ತಾಗಿ ನಿಂತಿತ್ತು. ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬೇಲಿಯ ತಂತಿ ಹಿಡಿದು ನಿಂತರು.

‘ಆ ಕರೀ ಗ್ವಾಡಿ ಏನದು?’

‘ಅದೇ ಹಡಗು ಅತ್ತಿ.’

‘ಅಷ್ಟೂ?’

‘ಅಷ್ಟೂ.’

ಅತ್ತೆ ಬಲಗಡೆಯ ತುದಿ ಹುಡುಕಿ, ಅಲ್ಲಿಂದ ಅಂಗುಲ ಅಂಗುಲವಾಗಿ ಕತ್ತು ತಿರುಗಿಸುತ್ತ ಬಂದರು. ಒಂದು ಕಡೆ ತುಕ್ಕಿನ ಪಟ್ಟೆ ಸಿಕ್ಕಿತು, ಅಲ್ಲಿ ನಿಂತರು. ಕೆಂಪು ಮಣ್ಣು ಎತ್ತಿ ಸುರಿಯುವ ಕ್ರೇನಿನ ಬಾಯಿ ಸಿಕ್ಕಿತು, ಅದು ಮೂರು ಸಲ ತೆರೆದು ಮುಚ್ಚುವುದನ್ನು ನೋಡಿದರು. ತುಟಿ ಅಲ್ಲಾಡುತ್ತಿತ್ತು, ಮಗನಿಗೆ ಏನೋ ಹೇಳುತ್ತಿದ್ದರೆಂದು ಕಾಣುತ್ತದೆ, ನಾನು ಕೇಳಲಿಲ್ಲ.

ಕಾವಲುಗಾರ ಗಡಿಯಾರ ನೋಡಿಕೊಂಡು ಬಂದ. ‘ಆಯ್ತಾ ಅಮ್ಮಾ?’

‘ಇನ್ನಾ ಅರ್ಧ ಐತಿ, ತಡಿಯಪ್ಪ,’ ಎಂದರು ಅತ್ತೆ, ಕತ್ತು ತಿರುಗಿಸದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಗೇಟಿನ ಹತ್ತಿರ ಹೋಗಿ ತನ್ನ ಸ್ಟೂಲು ತಂದು ಅವರ ಹಿಂದೆ ಇಟ್ಟ.